ಬಸವಣ್ಣನ ವಾರ

ಸೋಮವಾರ ಬೆಳಿಗ್ಗೆ, ಮಠದ ಹೊಲ ನೋಡಿಕೊಳ್ಳುವ ಚನ್ನವೀರಯ್ಯ ಎತ್ತುಗಳ ಹೆಗಲಿಗೆ ಎಣ್ಣೆ ಸವರುತ್ತಿದ್ದ. ಆಳು ದುರ್ಗಪ್ಪ ದೂರವೇ ನಿಂತು ಕೇಳಿದ.

“ಅಯ್ಯಾರ, ಇವತ್ತು ಎತ್ತು ಹೂಡಂಗಿಲ್ಲಲ್ರಿ?”

“ಬಸವಣ್ಣನ ವಾರಲೇ. ಇವತ್ತು ನೊಗಾ ಇಟ್ರ ಮಠಕ್ಕ ಪಾಪ ಸುತ್ಕೋತದ. ಮುತ್ತಜ್ಜನ ಕಾಲದಿಂದ ನಡ್ಕೊಂಡು ಬಂದದ.”

“ಹಂಗಾರ ಕೂಸಿನ್ನ ದವಾಖಾನಿಗೆ ಒಯ್ತೀನ್ರಿ. ರಾತ್ರಿಯಿಂದ ಮೈ ಸುಡಾಕತ್ತೈತಿ, ಕಣ್ಣ ತಗೀವಲ್ದು.”

“ಮತ್ತ ಹೊಲದಾಗಿನ ಕಳೆ ನಿನ್ನ ಮಾವ ತಗೀತಾನೇನು?”

“ಎತ್ತಿಲ್ದ ಕಳೆ ತಗಿಯೋ ಕುಂಟಿ ಯಾರು ಎಳೀತಾರ್ರಿ?”

ಚನ್ನವೀರಯ್ಯ ಎತ್ತಿನ ಕಾಲು ಮುಟ್ಟಿ ಕಣ್ಣಿಗೊತ್ತಿಕೊಂಡ. ಉಳಿದ ಎಣ್ಣೆಯ ಬಟ್ಟಲನ್ನು ನೆಲದ ಮೇಲೆಯೇ ದುರ್ಗಪ್ಪನತ್ತ ಸರಿಸಿದ.

“ಕುಂಟಿ ಹಿಡ್ಯಾಕ ನಿನ್ನ ತಮ್ಮ ಬಂದಾನ. ನೀ ಹೆಗಲಿಗೆ ಎಣ್ಣಿ ಹಚ್ಕೋ, ಎಳಿಯುವಾಗ ಹಗ್ಗ ತರಚ್ತದ.”