ಬೋಳು ಇಲಿ ವಾಪಸ್

ಊರಿನ ಹತ್ತಾರು ಪ್ರಯೋಗಾಲಯಗಳಿಗೆ ಬೇಕಾದ ಇಲಿಗಳನ್ನು ಜೀನ್ ತಿದ್ದಿ ತಯಾರಿಸಿಕೊಡುವ ಕೇಂದ್ರ ಅದು. ಚರ್ಮದ ಸಂಶೋಧನೆಗೆಂದು ಒಯ್ದಿದ್ದ ಇಲಿಗಳನ್ನು ಪ್ರೊಫೆಸರರು ಮೂರನೇ ಸಲ ವಾಪಸ್ ತಂದು, ಪಂಜರವನ್ನು ಮೇಜಿನ ಮೇಲೆ ಕುಕ್ಕಿದರು.

“ನಾನು ಕೇಳಿದ್ದು ಬೋಳು ಇಲಿ ಮೇಡಂ. ಇವನ್ನ ನೋಡಿ, ಕರಡಿ ಮರಿ ಥರ ಆಗಿವೆ!”

ಕೇಂದ್ರದ ಮುಖ್ಯಸ್ಥೆ ಕನ್ನಡಕ ಏರಿಸಿ ನೋಡಿದರು. ಒಂದಕ್ಕಂತೂ ಜಡೆ ಹಾಕಬಹುದಿತ್ತು.

“ಇಲ್ಲಿಂದ ಹೋಗುವಾಗ ಮೂರು ಸಲವೂ ಬೋಳಾಗೇ ಇದ್ವು ಸರ್. ಕೂದಲಿನ ಜೀನನ್ನೇ ತೆಗೆದುಹಾಕಿದೀವಿ. ಇವುಗಳ ಅಣ್ಣತಮ್ಮಂದಿರು ಇಲ್ಲೇ ಇದಾರೆ, ಬೇಕಾದ್ರೆ ನೋಡಿ, ಮೈಮೇಲೆ ಒಂದೆಳೆ ಕೂದಲಿಲ್ಲ.”

“ಹಾಗಾದ್ರೆ ನನ್ನ ಲ್ಯಾಬಿಗೆ ಬಂದ ಮೇಲೆ ತಾನಾಗೇ ಬೆಳೀತಾ? ನಿಮ್ಮ ಕೆಲಸ ಸರಿಯಿಲ್ಲ ಅಂತ ಡೈರೆಕ್ಟರಿಗೆ ಬರೀತೀನಿ!” ಪ್ರೊಫೆಸರರು ಟೊಪ್ಪಿ ತೆಗೆದು ಬೋಳುತಲೆ ಒರೆಸಿಕೊಂಡರು.

“ಧಾರಾಳವಾಗಿ ಬರೀರಿ. ಅದಕ್ಕೆ ಮುಂಚೆ ಒಂದು ಮಾತು ಹೇಳಿ. ಇವಕ್ಕೆ ನೀವು ಏನು ಮಾಡಿದ್ರಿ?”

“ಏನೂ ಇಲ್ಲ. ನಾನು ಕಂಡುಹಿಡಿದ ಕೂದಲು ಬೆಳೆಸೋ ಎಣ್ಣೇನ ದಿನಾ ಬೆಳಗ್ಗೆ ಹಚ್ತೀನಿ, ಅಷ್ಟೆ. ಅದರಿಂದೆಲ್ಲ ಏನೂ ಆಗಲ್ಲ ಮೇಡಂ, ಹನ್ನೆರಡು ವರ್ಷದಿಂದ ನಾನೇ ಹಚ್ಕೋತಾ ಇದೀನಲ್ಲ!”