ಒಬ್ಬನೇ ಎಳೆಯುವ ಹಗ್ಗ

ಅಬ್ದುಲ್ ಹಕೀಂ ಬರುವಾಗಲೇ ಗರಗಸ ತಂದಿದ್ದ. ಪಾಣೆಮಂಗಳೂರಿನಲ್ಲಿ ನೇತ್ರಾವತಿಯ ದಡಕ್ಕೆ ಕಟ್ಟಿದ್ದ ಲೋಕನಾಥನ ಪುಟ್ಟ ಹಾಯಿದೋಣಿಯ ಕಂಬವನ್ನು ಮೇಲೆ ಕೆಳಗೆ ನೋಡಿ, "ಬುಡದಲ್ಲಿ ಕೊಯ್ದರೆ ಸಾಕು ಲೋಕಣ್ಣ, ಮತ್ತೆ ಬಲೆ ಬೀಸ್ಲಿಕ್ಕೆ ಅಡ್ಡಿ ಇಲ್ಲ," ಅಂದ.

"ಸ್ವಲ್ಪ ತಡ್ಕೊ ಮಾರಾಯ, ಜೀವ ಇನ್ನೂ ಹೋಗ್ಲಿಲ್ಲ!" ಎಂದು ಲೋಕನಾಥ ಸಿಡುಕಿದ.

ಈ ಗಂಡಾಂತರ ತಂದದ್ದು ಹೆಂಡತಿ ಕಾಂತಿ. ಹೋದ ವಾರ ಗಾಳಿ ಜೋರಾದಾಗ ಲೋಕನಾಥ ಹಾಯಿಯನ್ನು ಅರ್ಧಕ್ಕೆ ಮಡಚಲೆಂದು ಚುಕ್ಕಾಣಿ ಬಿಟ್ಟು ಕಂಬದ ಹತ್ತಿರ ಹೋಗಿದ್ದ. ದೋಣಿ ಬುಗುರಿಯ ಹಾಗೆ ತಿರುಗಿತು, ಅರವತ್ತೊಂದರ ಲೋಕನಾಥ ನೀರಿಗೆ ಬಿದ್ದ. ಎಳೆದು ಮೇಲೆ ಹಾಕಿದ್ದು ಅಲ್ಲೇ ಮೀನು ಹಿಡಿಯುತ್ತಿದ್ದ ಇದೇ ಹಕೀಂ. ಅವತ್ತೇ ಕಾಂತಿ ಹೇಳಿಬಿಟ್ಟಳು: "ಕೂತಲ್ಲಿಂದ ಏಳದೆ ನೀವೊಬ್ಬರೇ ಹಾಯಿ ಮಡಚಿ ತೋರಿಸಿ. ಆಗದಿದ್ದರೆ ದೋಣಿ ಹಕೀಮನಿಗೆ."

ಲೋಕನಾಥ ನಾಲ್ಕು ದಿನ ತಲೆ ಓಡಿಸಿದ. ಹಾಯಿ ಇಳಿಸುವ ಕೆಂಪು ಹಗ್ಗ, ಇಳಿದದ್ದನ್ನು ಮಡಚಿ ಬಿಗಿಯುವ ಬಿಳಿ ಹಗ್ಗ, ಎರಡನ್ನೂ ಕಂಬದ ಬುಡದಿಂದ ತಿರುಗಿಸಿ ತಾನು ಕೂರುವ ಹಲಗೆಯ ತನಕ ತಂದ. ಕೆಂಪು ಬಿಡು, ಬಿಳಿ ಎಳೆ, ಮುಗೀತು. ಆದರೆ ಹಗ್ಗ ಸಲೀಸಾಗಿ ಓಡಲು ಸಣ್ಣ ರಾಟೆಗಳು ಬೇಕು. ಅಂಗಡಿಯಲ್ಲಿ ಇದ್ದದ್ದು ಬಾವಿಯ ರಾಟೆ. ಅದನ್ನು ಹೊತ್ತರೆ ದೋಣಿ ತಳ ಸೇರುವುದೇ ಸೈ. ಕೊನೆಗೆ ಜಗಲಿಯ ಮೇಲ್ಗಡೆ ಕಾಂತಿ ಬಟ್ಟೆ ಒಣಗಿಸುವ, ಹಗ್ಗ ಎಳೆದು ಏರಿಸಿ ಇಳಿಸುವ ಸರಳುಗಳ ರಾಟೆಗಳನ್ನೇ ಬಿಚ್ಚಿದ. ಎರಡು ದಿನ ಸೋಫಾದ ಮೇಲೆ ಬಿದ್ದು ಮುಗ್ಗಲು ವಾಸನೆ ಹಿಡಿದ ಸೀರೆಗಳನ್ನು ಮತ್ತೆ ಒಗೆಯಲು ಅವಳು ಈಗ ಬಕೆಟಿನಲ್ಲಿ ಹೊಳೆಗೇ ಹೊತ್ತು ತಂದಿದ್ದಳು.

"ಬಹರೈನಿನಲ್ಲಿ ಇಪ್ಪತ್ತೆರಡು ವರ್ಷ ಹಾಯಿದೋಣಿಯಲ್ಲೇ ಇದ್ದವ ನಾನು," ಎನ್ನುತ್ತ ಲೋಕನಾಥ ದೋಣಿ ಹತ್ತಿದ. ಸುಳ್ಳೇನಲ್ಲ. ಏನಾಗಿ ಇದ್ದದ್ದು ಎಂದು ಊರಲ್ಲಿ ಯಾರೂ ಕೇಳಿರಲಿಲ್ಲ, ಅವನಾಗಿ ಹೇಳಿರಲೂ ಇಲ್ಲ.

ಮೂರು ಗಂಟೆಗೆ ಕಡಲ ಕಡೆಯ ಗಾಳಿ ಎದ್ದಿತು. ನಡುಹೊಳೆಯಲ್ಲಿ ಹಾಯಿ ಉಬ್ಬಿತು, ದೋಣಿ ವಾಲಿತು. ಬಲಗೈಯಲ್ಲಿ ಚುಕ್ಕಾಣಿ ಉಂಟು, ಎಡಗೈಗೆ ಎಟಕುವ ಹಾಗೆ ಹಗ್ಗಗಳುಂಟು, ರಾಟೆಗಳೆಲ್ಲ ಸರಿಯಾಗಿಯೇ ಉಂಟು. ಲೋಕನಾಥ ಮಾತ್ರ ಅಲುಗಲಿಲ್ಲ. ಎಳೆಯಬೇಕೆಂದು ತಲೆಗೆ ಗೊತ್ತು, ಕೈ ಮಾತ್ರ ಏನನ್ನೋ ಕಾಯುತ್ತಿತ್ತು. ದೋಣಿಯ ಅಂಚು ನೀರಿಗೆ ತಾಗಿತು. ದಡದಲ್ಲಿ ಹಕೀಂ ಗರಗಸ ಕೈಗೆತ್ತಿಕೊಂಡ.

"ಅಯ್ಯೋ, ಎಂತ ನೋಡ್ತಾ ಕೂತಿದ್ದೀರಿ?" ಕಾಂತಿ ಮೊಣಕಾಲುದ್ದದ ನೀರಿಗಿಳಿದು ಅರಚಿದಳು. "ಕೆಂಪು ಬಿಡಿ! ಬಿಳಿ ಎಳೀರಿ ಮಾರಾಯ್ರೇ!"

ಕೈ ತಾನಾಗಿ ಓಡಿತು. ಕೆಂಪು ಸಡಿಲಾಯಿತು, ಬಿಳಿ ಸರ್ರನೆ ಬಂತು, ಹಾಯಿ ಅರ್ಧಕ್ಕೆ ಮಡಚಿಕೊಂಡಿತು. ದೋಣಿ ನೆಟ್ಟಗಾಗಿ ಸಾವಕಾಶ ದಡಕ್ಕೆ ಬಂತು.

"ಏನೇ ಹೇಳಿ ಕಾಂತಿಯಕ್ಕ, ಕೆಲಸ ಚಂದ ಉಂಟು," ಎಂದು ಹಕೀಂ ಬೇಸರದಲ್ಲೇ ಗರಗಸವನ್ನು ಚೀಲಕ್ಕೆ ತುರುಕಿದ.

"ಮತ್ತೆ ಅಷ್ಟು ಹೊತ್ತು ಯಾಕೆ ಸುಮ್ಮನೆ ಕೂತದ್ದು?" ಕಾಂತಿ ಕೇಳಿದಳು.

ಲೋಕನಾಥನಿಗೆ ನಾಚಿಕೆಯಾಯಿತು. "ಬಹರೈನಿನಲ್ಲಿ ನಾನು ಹಗ್ಗ ಎಳೆಯುವವ, ಅಷ್ಟೇ. ಕ್ಯಾಪ್ಟನ್ ಹೇಳ್ತಿದ್ದ, ನಾನು ಎಳೀತಿದ್ದೆ. ಹೇಳುವ ಮೊದಲು ಎಳೆದರೆ ಬೈಗುಳ."

ಕಾಂತಿ ಬಕೆಟ್ ಸಮೇತ ದೋಣಿ ಹತ್ತಿ, ಮುಂದಿನ ಹಲಗೆಯಲ್ಲಿ ಸರಿಯಾಗಿ ಕೂತು, ಒಗೆದು ಹಿಂಡಿದ ಸೀರೆಯೊಂದನ್ನು ಅವನತ್ತ ಚಾಚಿದಳು.

"ರಾಟೆ ಎಲ್ಲಿ ಉಂಟೋ ಬಟ್ಟೆಯೂ ಅಲ್ಲಿ. ಹಾಕಿ ಒಣಗ್ಲಿಕ್ಕೆ."

ಈ ಸಲ ಲೋಕನಾಥನ ಕೈ ಒಂದು ಕ್ಷಣವೂ ಕಾಯಲಿಲ್ಲ.