ಅವ್ವನ ಬಾವಿಯ ಕತೆ

ಆಸ್ಪತ್ರೆಯ ಕತೆ ವಾರ್ಡಿನಲ್ಲಿ ಜ್ವರಕ್ಕೆ ಗುಳಿಗೆ ಕೊಡುವುದಿಲ್ಲ. ಮನೆಯವರೇ ಮನೆಯ ಕತೆಯನ್ನು ಆಡಿ ತೋರಿಸಬೇಕು. ನಿಜವಾದರೆ ಜ್ವರ ಇಳಿಯುತ್ತದೆ, ಸುಳ್ಳಾದರೆ ಏರುತ್ತದೆ.

ತಂಗಿಯ ಮಂಚದ ಮುಂದೆ ಶಿವಲೀಲಾ ನೀರು ಸೇದುವವಳಂತೆ ಬಗ್ಗಿ, ಬಾವಿಗೆ ಕಾಲು ಜಾರಿ ಬಿದ್ದಂತೆ ಆಡಿದಳು. ಅವ್ವ ಸತ್ತದ್ದು ಹೀಗೇ ಎಂದು ಅಪ್ಪ ಸಣ್ಣಂದಿನಿಂದ ಹೇಳುತ್ತ ಬಂದಿದ್ದ. ತಂಗಿಯ ಮೈ ಕೆಂಡವಾಯಿತು.

"ಎಲ್ಲೋ ತಪ್ಪೈತಿ," ಅಂದಳು ನರ್ಸ್. "ಜಲ್ದಿ ತಿದ್ದಿ ಆಡ್ರಿ, ಇಲ್ಲಾಂದ್ರ ಹುಡುಗಿ ಉಳಿಯೂದಿಲ್ಲ."

ಅಪ್ಪ ಬಾಗಿಲಲ್ಲೇ ನಿಂತಿದ್ದ. ಶಿವಲೀಲಾ ಮತ್ತೆ ಬಗ್ಗಿದಳು. ಈ ಸಲ ಕಾಲು ಜಾರಲಿಲ್ಲ.

"ಅವ್ವನ್ನ ಹಿಂದಿಂದ ಯಾರೋ ದೂಡಿದ್ರು," ಅಂದಳು ಮೆಲ್ಲಗೆ.

ತಂಗಿಯ ಹಣೆ ಬೆವರಿತು. ಜ್ವರ ಇಳಿಯತೊಡಗಿತು.

"ಯಾರು ಅಂತ ಹೇಳಿದ್ರ ಪೂರ್ತಿ ಇಳೀತೈತಿ," ಅಂದಳು ನರ್ಸ್.

ಶಿವಲೀಲಾಳ ಹೆಗಲ ಮೇಲೆ ಅಪ್ಪನ ಕೈ ಬಿತ್ತು. "ಇಷ್ಟು ಇಳಿದ್ರ ಸಾಕು. ಮನೀಗೆ ಹೋಗೂಣು ನಡೀರಿ."